ಕೊಟ್ಟ ಕಾಡು, ಕೊಟ್ಟ ಮಾತು

ಶಾಸನದ ಪುಸ್ತಕದಲ್ಲಿ ಅಚ್ಚಾಗಿರುವ ಮೂರು ಪದಗಳು ಒಂದು ನಾಡಿನ ರಸ್ತೆ, ಶಾಲೆ, ಸೆರೆಮನೆ ಹಾಗೂ ಗ್ರಂಥಾಲಯಗಳ ಹಣೆಬರಹವನ್ನು ನಿರ್ಧರಿಸಬಲ್ಲವು ಎಂದರೆ ಮೇಲ್ನೋಟಕ್ಕೆ ಅತಿಶಯೋಕ್ತಿಯೆಂದು ತೋರಬಹುದು. ಆದರೆ ಅಮೆರಿಕದ ಪಶ್ಚಿಮ ಕರಾವಳಿಯ ಓರೆಗಾನ್ ರಾಜ್ಯದಲ್ಲಿ ನಡೆದಿರುವುದು ಅಕ್ಷರಶಃ ಇದೇ. ಆ ರಾಜ್ಯದ ಅರಣ್ಯ ಶಾಸನವು ಸರಕಾರಿ ಕಾಡುಗಳನ್ನು 'ಅತ್ಯಧಿಕ ಶಾಶ್ವತ ಮೌಲ್ಯ' ದೊರಕುವಂತೆ ನೋಡಿಕೊಳ್ಳಬೇಕೆಂದು ವಿಧಿಸಿತು. ಮೌಲ್ಯವೆಂದರೆ ಏನು? ಶಾಶ್ವತವೆಂದರೆ ಎಷ್ಟು ಕಾಲ? ಯಾರ ಪಾಲಿಗೆ ಅತ್ಯಧಿಕ? ಶಾಸನ ಬರೆದವರು ಈ ಪ್ರಶ್ನೆಗಳನ್ನು ಕೇಳಿಕೊಂಡಂತೆ ತೋರುವುದಿಲ್ಲ. ಅವರ ಮೊಮ್ಮಕ್ಕಳು ಅವನ್ನು ನ್ಯಾಯಾಸ್ಥಾನದಲ್ಲಿ ಕೇಳಿಕೊಳ್ಳಬೇಕಾಯಿತು. ಸುಮಾರು ನೂರು ಕೋಟಿ ಡಾಲರುಗಳಿಗೂ ಮೀರಿದ ಮೊತ್ತವನ್ನು ಪಣಕ್ಕಿಟ್ಟು ಕೇಳಿಕೊಳ್ಳಬೇಕಾಯಿತು.

ನಮ್ಮ ವಾಚಕರಲ್ಲಿ ಕೆಲವರಿಗಾದರೂ ಓರೆಗಾನ್ ಅಪರಿಚಿತವಲ್ಲ. ಪೋರ್ಟ್‌ಲ್ಯಾಂಡ್ ನಗರದ ಪಶ್ಚಿಮಕ್ಕಿರುವ ಹಿಲ್ಸ್‌ಬರೋದಲ್ಲಿ ಇಂಟೆಲ್ ಸಂಸ್ಥೆಯ ದೊಡ್ಡ ಕಾರ್ಖಾನೆಗಳಿವೆ. ಕನ್ನಡ ನಾಡಿನ ಎಷ್ಟೋ ತರುಣ ತರುಣಿಯರು ಅಲ್ಲಿ ದುಡಿಯುತ್ತಿದ್ದಾರೆ. ಅವರು ರಜಾದಿನದಲ್ಲಿ ಆರನೆಯ ಹೆದ್ದಾರಿ ಹಿಡಿದು ಕಡಲತೀರಕ್ಕೆ ಹೊರಟರೆ, ದಾರಿಯ ಎರಡೂ ಬದಿಗೆ ಮೈಲಿಗಟ್ಟಲೆ ಡಗ್ಲಸ್ ಫರ್ ಮರಗಳ ದಟ್ಟ ಕಾಡು ಎದುರಾಗುತ್ತದೆ. ಅದೇ ಟಿಲ್ಲಮೂಕ್ ರಾಜ್ಯ ಅರಣ್ಯ. ನೋಡುವವರಿಗೆ ಅದು ಅನಾದಿ ಕಾಲದ ಕಾನನವೆನಿಸುತ್ತದೆ. ವಾಸ್ತವದಲ್ಲಿ ಅದರ ಬಹುಭಾಗ ಎಪ್ಪತ್ತು ಎಂಬತ್ತು ವರ್ಷಗಳಿಗಿಂತ ಹಳೆಯದಲ್ಲ. ಅದನ್ನು ಕೈಯಾರೆ ನೆಟ್ಟವರಿದ್ದಾರೆ.

ಮೊದಲಿಗೆ ಕೌಂಟಿ ಎಂದರೇನೆಂಬುದನ್ನು ಸ್ವಲ್ಪ ಅರಿತುಕೊಳ್ಳುವುದು ಅವಶ್ಯ. ವಿಸ್ತಾರದಲ್ಲಿ ಅದನ್ನು ನಮ್ಮ ಜಿಲ್ಲೆಗೆ ಹೋಲಿಸಬಹುದು, ಅಧಿಕಾರದಲ್ಲಿ ಹೋಲಿಸಲಾಗದು. ಅಲ್ಲಿ ಮೇಲಿನಿಂದ ನೇಮಕಗೊಂಡು ಬರುವ ಜಿಲ್ಲಾಧಿಕಾರಿ ಇಲ್ಲ. ಓರೆಗಾನಿನ 36 ಕೌಂಟಿಗಳಲ್ಲಿ ಹೆಚ್ಚಿನವುಗಳನ್ನು ಜನರೇ ಆರಿಸಿದ ಮೂವರು ಅಥವಾ ಐವರು ಕಮಿಷನರುಗಳ ಮಂಡಳಿ ಆಳುತ್ತದೆ. ಪೊಲೀಸ್ ಮುಖ್ಯಸ್ಥನಾದ ಷೆರಿಫ್ ಕೂಡ ಚುನಾಯಿತನೇ. ಹಳ್ಳಿಗಾಡಿನ ರಸ್ತೆ, ಸೇತುವೆ, ಸೆರೆಮನೆ, ತೆರಿಗೆ ನಿರ್ಧಾರ, ಸಾರ್ವಜನಿಕ ಆರೋಗ್ಯ ಇವೆಲ್ಲ ಆ ಮಂಡಳಿಯ ಹೊಣೆ. ಆದಾಯದ ಮುಖ್ಯ ಮೂಲ ಆಸ್ತಿ ತೆರಿಗೆ. ಇಲ್ಲಿಯೇ ಒಂದು ತೊಡಕಿದೆ. ಓರೆಗಾನಿನ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ವಾಷಿಂಗ್ಟನ್ನಿನ ಕೇಂದ್ರ ಸರಕಾರಕ್ಕೆ ಸೇರಿದ್ದು; ಅದರ ಮೇಲೆ ಕೌಂಟಿ ತೆರಿಗೆ ಹಾಕುವಂತಿಲ್ಲ. ಕಾಡು ಕಣ್ಣೆದುರಿಗೇ ಇದೆ, ಅದರ ನಡುವಿನ ರಸ್ತೆಯ ಹೊಂಡವನ್ನು ಮುಚ್ಚಬೇಕಾದ್ದು ಕೌಂಟಿ, ಆದರೆ ಆ ಕಾಡಿನಿಂದ ತೆರಿಗೆಯ ರೂಪದಲ್ಲಿ ಒಂದು ಕಾಸೂ ಬಾರದು.

ರಾಜ್ಯ ಅರಣ್ಯಗಳ ಕಥೆ ಆರಂಭವಾಗುವುದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ. ಆಗ ಓರೆಗಾನಿನ ಪಶ್ಚಿಮ ಭಾಗದ ಕಾಡುಗಳು ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲಿದ್ದವು. ಮರ ಕಡಿದು ದಿಮ್ಮಿ ಸಾಗಿಸಿದ ಮೇಲೆ ಬರಿಯ ಬೊಡ್ಡೆಗಳು ನಿಂತ ನೆಲಕ್ಕೆ ತೆರಿಗೆ ಕಟ್ಟುವುದು ಮೂರ್ಖತನವೆಂದು ಮಾಲೀಕರು ಬಗೆದರು. ಅವರು ಹಾಗೆಯೇ ಕೈಬಿಟ್ಟು ಹೋದರು. ತೆರಿಗೆ ಬಾಕಿಗಾಗಿ ಕೌಂಟಿಗಳು ಆ ನೆಲವನ್ನು ಜಪ್ತಿ ಮಾಡಿಕೊಂಡವು. ಜಪ್ತಿಯಿಂದ ಬಂದದ್ದು ನೆಲವೇ ಹೊರತು ಹಣವಲ್ಲ.

ಇದಕ್ಕೆ ಬೆಂಕಿಯೂ ಕೂಡಿಕೊಂಡಿತು. 1933ರ ಆಗಸ್ಟ್ 14ರಂದು ಗೇಲ್ಸ್ ಕ್ರೀಕ್ ಕಣಿವೆಯ ಮರ ಕಡಿಯುವ ತಾಣವೊಂದರಲ್ಲಿ, ಎಳೆಯುತ್ತಿದ್ದ ದಿಮ್ಮಿಯು ಒಣಮರಕ್ಕೆ ಉಜ್ಜಿ ಕಿಡಿ ಹೊತ್ತಿತೆಂದು ಹೇಳಲಾಗುತ್ತದೆ. ಹತ್ತು ದಿನ ಅದು ಹೇಗೋ ಹತೋಟಿಯ ಅಂಚಿನಲ್ಲಿತ್ತು. ಅನಂತರ ಪೂರ್ವದ ಒಣಗಾಳಿ ಬೀಸಿದಾಗ, ಸುಮಾರು ಒಂದು ಹಗಲು ಒಂದು ರಾತ್ರಿಯ ಅವಧಿಯಲ್ಲಿ ಲಕ್ಷಾಂತರ ಎಕರೆ ಕಾಡು ಉರಿದುಹೋಯಿತು. ಅಷ್ಟಕ್ಕೆ ಮುಗಿಯಲಿಲ್ಲ. 1939, 1945 ಮತ್ತು 1951, ಹೀಗೆ ಸರಿಯಾಗಿ ಆರಾರು ವರ್ಷಗಳಿಗೊಮ್ಮೆ ಅದೇ ಪ್ರದೇಶ ಮತ್ತೆ ಹೊತ್ತಿಕೊಂಡಿತು; ಜನ ಅದನ್ನು ಆರು ವರ್ಷದ ಶಾಪವೆಂದು ಕರೆಯತೊಡಗಿದರು. ನಾಲ್ಕೂ ಬೆಂಕಿಗಳಿಗೆ ತುತ್ತಾದ ನೆಲ ಒಟ್ಟು ಸುಮಾರು 3,55,000 ಎಕರೆ. ಬೀಜ ಉದುರಿಸಲು ತಾಯಿಮರಗಳೂ ಉಳಿಯದಿದ್ದುದರಿಂದ ಕಾಡು ತಾನಾಗಿ ಮರುಹುಟ್ಟು ಪಡೆಯುವ ಆಸೆಯೂ ಇರಲಿಲ್ಲ.

ಇಂತಹ ನೆಲವನ್ನು ಕೌಂಟಿ ಏನು ಮಾಡಬೇಕು? ಕೊಳ್ಳುವವರಿಲ್ಲ. ಸಸಿ ನೆಡಲು ಹಣವಿಲ್ಲ. ಬೆಂಕಿ ಕಾಯಲು ಆಳಿಲ್ಲ. ಆಗ ರಾಜ್ಯವು ಮುಂದೆ ಬಂದು ಒಂದು ವ್ಯವಸ್ಥೆಯನ್ನು ಸೂಚಿಸಿತು. 1939ರಲ್ಲಿ ರೂಪುಗೊಂಡು 1941ರಲ್ಲಿ ವಿಸ್ತರಿಸಲ್ಪಟ್ಟ ಶಾಸನದ ಪ್ರಕಾರ, ಕೌಂಟಿಗಳು ಈ ನೆಲವನ್ನು ಪತ್ರ ಮಾಡಿ ರಾಜ್ಯಕ್ಕೆ ಬಿಟ್ಟುಕೊಡುವುದು. ರಾಜ್ಯ ಅದನ್ನು ಬೆಂಕಿಯಿಂದ ಕಾಪಾಡಿ, ಮರು ಅರಣ್ಯೀಕರಣ ಮಾಡಿ, ಮುಂದೆ ಮರ ಮಾರಿ ಬಂದ ಹಣದಲ್ಲಿ ದೊಡ್ಡ ಪಾಲನ್ನು ಆಯಾ ಕೌಂಟಿಗೆ ಹಿಂತಿರುಗಿಸುವುದು. ಪಾಲಿನ ಲೆಕ್ಕ ಕಾಲಕಾಲಕ್ಕೆ ಬದಲಾಗಿ, ಕೊನೆಗೆ ಶೇಕಡಾ 63.75 ಕೌಂಟಿಗಳಿಗೆ, ಉಳಿದದ್ದು ರಾಜ್ಯದ ಅರಣ್ಯ ಇಲಾಖೆಗೆ ಎಂದು ನಿಂತಿತು. ಕೌಂಟಿಗೆ ಹೋದ ಪಾಲು ಅಲ್ಲಿಂದ ಶಾಲೆ, ಅಗ್ನಿಶಾಮಕ ಸೇವೆ, ಗ್ರಂಥಾಲಯ, ಬಂದರು ಹೀಗೆ ಸ್ವಂತ ತೆರಿಗೆಯ ಹಕ್ಕುಳ್ಳ ಸ್ಥಳೀಯ ಸಂಸ್ಥೆಗಳಿಗೆಲ್ಲ ಹಂಚಿಹೋಗುತ್ತದೆ. ಕೆಲವು ಕೌಂಟಿಗಳು ತಕ್ಷಣ ಒಪ್ಪಿದವು. ಕೆಲವು ವರ್ಷಗಟ್ಟಲೆ ಮೀನಮೇಷ ಎಣಿಸಿದವು. ಕೊನೆಗೆ 15 ಕೌಂಟಿಗಳಿಂದ ಆರೂವರೆ ಲಕ್ಷ ಎಕರೆಗೂ ಹೆಚ್ಚು ನೆಲ ರಾಜ್ಯದ ವಶವಾಯಿತು.

ಮುಂದಿನ ಅಧ್ಯಾಯ ನಮಗೆ ವೈಯಕ್ತಿಕವಾಗಿ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದುದು. ಸುಟ್ಟ ಕಾಡನ್ನು ಮತ್ತೆ ಬೆಳೆಸಲು ಸಾಲ ಎತ್ತಬೇಕಿತ್ತು. ಅದಕ್ಕೆ ರಾಜ್ಯದ ಸಂವಿಧಾನವನ್ನೇ ತಿದ್ದಬೇಕಿತ್ತು. 1948ರಲ್ಲಿ ಪ್ರಶ್ನೆ ಮತದಾರರ ಮುಂದೆ ಬಂದಾಗ ಅತ್ಯಲ್ಪ ಬಹುಮತದಿಂದ ಅದು ಅಂಗೀಕಾರವಾಯಿತು. ಅನಂತರ ಸುಮಾರು ಕಾಲು ಶತಮಾನ ಕಾಲ ನೆಡುತೋಪಿನ ಕಾರ್ಯ ನಡೆಯಿತು. ಹೆಲಿಕಾಪ್ಟರಿನಿಂದ ಬೀಜ ಎರಚಿದರು. ಕೂಲಿಯಾಳುಗಳು, ಸೆರೆಮನೆಯ ಕೈದಿಗಳು, ಶಾಲೆಯ ಬಸ್ಸುಗಳಲ್ಲಿ ಬಂದ ಮಕ್ಕಳು ಗುದ್ದಲಿ ಹಿಡಿದು ಸಸಿ ನೆಟ್ಟರು. ಒಟ್ಟು ಏಳು ಕೋಟಿಗೂ ಮೀರಿದ ಸಸಿಗಳು ಮಣ್ಣಿಗಿಳಿದವು. 1973ರಲ್ಲಿ ಆಗಿನ ಗವರ್ನರ್ ಟಾಮ್ ಮೆಕಾಲ್ ಅದಕ್ಕೆ ರಾಜ್ಯ ಅರಣ್ಯವೆಂದು ವಿಧ್ಯುಕ್ತವಾಗಿ ನಾಮಕರಣ ಮಾಡಿದರು. ಅಂದು ಸಸಿ ನೆಟ್ಟ ಮಕ್ಕಳಲ್ಲಿ ಬದುಕಿರುವವರು ಇಂದು ವೃದ್ಧರು. ಅವರು ನೆಟ್ಟ ಮರಗಳಾದರೋ ಮಿಲ್ಲಿಗೆ ಹೋಗಲು ಸಂಪೂರ್ಣ ಹದವಾದ ವಯಸ್ಸಿನಲ್ಲಿವೆ.

ಕಲಹ ಹುಟ್ಟಿದ್ದೂ ಆ ಹದದಲ್ಲಿಯೇ. ಬರಿನೆಲವಿದ್ದಾಗ ಯಾರಿಗೂ ಬೇಡವಾಗಿದ್ದುದು ಮರವಾದ ಮೇಲೆ ಎಲ್ಲರಿಗೂ ಬೇಕಾಯಿತು. ಪೋರ್ಟ್‌ಲ್ಯಾಂಡಿನವರು ನಡೆದಾಡಲು ಬಂದರು. ಮೀನುಗಾರರು ಸಾಲ್ಮನ್ ಮೀನು ಮೊಟ್ಟೆಯಿಡುವ ತೊರೆಗಳ ನೆರಳನ್ನು ಕಡಿಯಬೇಡಿರೆಂದರು. ಜೀವಶಾಸ್ತ್ರಜ್ಞರು ಅಳಿವಿನಂಚಿನ ಪಕ್ಷಿಗಳ ನೆಲೆಗಳನ್ನು ಗುರುತಿಸಿದರು. 1998ರಲ್ಲಿ ರಾಜ್ಯದ ಅರಣ್ಯ ಮಂಡಳಿಯು ಆ ಮೂರು ಪದಗಳಿಗೆ ನಿಯಮದ ಮೂಲಕ ವ್ಯಾಖ್ಯಾನ ಕೊಟ್ಟಿತು. ಅದರಂತೆ ಅತ್ಯಧಿಕ ಶಾಶ್ವತ ಮೌಲ್ಯವೆಂದರೆ ಕೇವಲ ನಾಟಾದ ಹಣವಲ್ಲ. ಆರೋಗ್ಯಕರ ಪರಿಸರ, ಶುದ್ಧ ನೀರು, ವನ್ಯಜೀವಿ, ವಿಹಾರ ಇವೆಲ್ಲವೂ ಸೇರಿ ಓರೆಗಾನಿನ ಜನತೆಗೆ ಸಲ್ಲುವ ಸಮಗ್ರ ಪ್ರಯೋಜನ.

ಕನ್ನಡದಲ್ಲಿ ನಾವು 'ಬೆಲೆ' ಎಂಬ ಒಂದೇ ಮಾತಿನಿಂದ ಎರಡನ್ನೂ ಸೂಚಿಸುತ್ತೇವೆ. ಅಕ್ಕಿಗೆ ಬೆಲೆ ಇದೆ, ಹಿರಿಯರ ಮಾತಿಗೂ ಬೆಲೆ ಇದೆ. ಒಂದನ್ನು ತಕ್ಕಡಿ ಹೇಳುತ್ತದೆ, ಇನ್ನೊಂದನ್ನು ತಕ್ಕಡಿ ಹೇಳಲಾರದು. ಇಂಗ್ಲಿಷಿನ ಆ ಪದವೂ ಇಷ್ಟೇ ಇಬ್ಬಗೆಯದು. 1941ರಲ್ಲಿ ಬರೆದವರ ಮನಸ್ಸಿನಲ್ಲಿ ತಕ್ಕಡಿಯೇ ಇತ್ತು ಎಂದು ಕೌಂಟಿಗಳು ವಾದಿಸಿದರೆ, ಬೇರೆಯದೂ ಸೇರುವಷ್ಟು ಆ ಪದ ವಿಶಾಲವಾಗಿದೆಯೆಂದು ರಾಜ್ಯ ಹೇಳಿತು.

2016ರಲ್ಲಿ ಲಿನ್ ಕೌಂಟಿಯ ಕಮಿಷನರುಗಳು ರಾಜ್ಯದ ಮೇಲೆ ದಾವೆ ಹೂಡಿದರು. ಕೇಳಿದ ಪರಿಹಾರ 140 ಕೋಟಿ ಡಾಲರ್. ಅವರ ವಾದ ಸರಳ: ನೆಲ ಕೊಟ್ಟದ್ದು ಕರಾರಿನ ಮೇಲೆ, ಕರಾರಿನ ತಿರುಳು ಮರದಿಂದ ಗರಿಷ್ಠ ಆದಾಯ, 1998ರ ನಿಯಮದಿಂದ ರಾಜ್ಯ ಏಕಪಕ್ಷೀಯವಾಗಿ ಕರಾರನ್ನು ಮುರಿದಿದೆ. ನಮ್ಮಲ್ಲಿ 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆಯಿದೆಯಷ್ಟೆ. ಕೌಂಟಿಗಳ ಮನಸ್ಸಿನಲ್ಲಿದ್ದ ಅಳಲು ಇದಕ್ಕಿಂತ ಬೇರೆಯದಲ್ಲ. ಸಮಾನ ಹಿತಾಸಕ್ತಿಯುಳ್ಳವರೆಲ್ಲರ ಪರವಾದ ಸಾಮೂಹಿಕ ದಾವೆಯೆಂದು ನ್ಯಾಯಾಲಯ ಅದನ್ನು ಅಂಗೀಕರಿಸಿದ್ದರಿಂದ, 14 ಕೌಂಟಿಗಳೂ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳೂ ಫಿರ್ಯಾದಿಗಳಾದವು.

ಹದಿನೈದನೆಯದಾದ ಕ್ಲಾಟ್ಸಪ್ ಕೌಂಟಿ ಏಕೆ ಸೇರಲಿಲ್ಲ? ಈ ಅರಣ್ಯಗಳಿಂದ ಅತಿ ಹೆಚ್ಚು ಆದಾಯ ಪಡೆಯುವ ಕೌಂಟಿಗಳಲ್ಲಿ ಅದೂ ಒಂದು. ಗೆದ್ದರೆ ಅದಕ್ಕೆ ಬರಬಹುದಾಗಿದ್ದ ಪಾಲೂ ದೊಡ್ಡದು. ಆದರೂ 2017ರ ಜನವರಿಯಲ್ಲಿ ಅದರ ಕಮಿಷನರುಗಳು ದಾವೆಯಿಂದ ಹೊರಗುಳಿಯಲು ನಿರ್ಧರಿಸಿದರು. ಒಂದು ಸ್ಥಳೀಯ ಮಂಡಳಿ, ತನ್ನ ಬೊಕ್ಕಸಕ್ಕೆ ಲಾಭವಾಗಬಹುದಾದ ವ್ಯಾಜ್ಯವನ್ನು ಬೇಡವೆನ್ನುವುದು ಎಲ್ಲಿಯೂ ವಿರಳ. ಒಂದು ಅಂಶವನ್ನಂತೂ ಯಾರೂ ಅಲ್ಲಗಳೆಯುವಂತಿರಲಿಲ್ಲ. ರಾಜ್ಯ ಸೋತರೆ ಹಣ ಕೊಡಬೇಕಾದವರು ರಾಜ್ಯದ ತೆರಿಗೆದಾರರು. ಅವರಲ್ಲಿ ಗೆದ್ದ ಕೌಂಟಿಗಳ ನಿವಾಸಿಗಳೂ ಇದ್ದಾರೆ. ಎಡಗಿಸೆಯಿಂದ ತೆಗೆದು ಬಲಗಿಸೆಗೆ ಹಾಕುವ ಈ ಲೆಕ್ಕದಲ್ಲಿ ವಕೀಲರ ಶುಲ್ಕ ಮಾತ್ರ ನಿಜವಾದ ಖರ್ಚು ಎಂದು ನಮಗೆ ಅನಿಸಿದ್ದುಂಟು. ಆದರೆ ಇದು ಪೂರ್ಣ ನ್ಯಾಯವಾದ ಮಾತಲ್ಲ. ರಾಜ್ಯದ ತೆರಿಗೆಯ ಹೆಚ್ಚಿನ ಭಾಗವನ್ನು ಕೊಡುವವರು ನಗರವಾಸಿಗಳು. ಕಾಡಿನ ಚೆಲುವನ್ನು ಸವಿಯುವವರೂ ಬಹುಮಟ್ಟಿಗೆ ಅವರೇ. ಆ ಚೆಲುವಿನ ಖರ್ಚನ್ನು ಹಳ್ಳಿಯ ಶಾಲೆಯೊಂದೇ ಏಕೆ ಹೊರಬೇಕೆಂಬ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ.

ಆಲ್ಬನಿ ಪಟ್ಟಣದ ನ್ಯಾಯಾಲಯದಲ್ಲಿ ಸುಮಾರು ಒಂದು ತಿಂಗಳ ವಿಚಾರಣೆ ನಡೆದು, 2019ರ ನವೆಂಬರ್ 20ರಂದು ಜ್ಯೂರಿ ತೀರ್ಪಿತ್ತಿತು: ರಾಜ್ಯ ಕರಾರು ಮುರಿದಿದೆ, ಸುಮಾರು 106 ಕೋಟಿ ಡಾಲರ್ ಕೊಡತಕ್ಕದ್ದು. ಜ್ಯೂರಿಯಲ್ಲಿ ಕುಳಿತವರು ಅದೇ ಲಿನ್ ಕೌಂಟಿಯ ನಿವಾಸಿಗಳೆಂಬುದನ್ನು ಗಮನಿಸಬೇಕು. ಮೇಲ್ಮನವಿ ನಡೆಯುತ್ತಿದ್ದಷ್ಟು ಕಾಲವೂ ಶಾಸನಬದ್ಧ ಶೇಕಡಾ 9ರ ಬಡ್ಡಿ, ದಿನವೊಂದಕ್ಕೆ ಎರಡೂವರೆ ಲಕ್ಷ ಡಾಲರುಗಳಿಗೂ ಮಿಕ್ಕಿ, ಏರುತ್ತಲೇ ಇತ್ತು. ಈ ನಡುವೆ 2020ರ ಸೆಪ್ಟೆಂಬರಿನ ಘೋರ ಬೆಂಕಿಯಲ್ಲಿ, ಲಿನ್ ಕೌಂಟಿಯನ್ನೂ ಒಳಗೊಂಡು ಹಬ್ಬಿರುವ ಸ್ಯಾಂಟಿಯಮ್ ರಾಜ್ಯ ಅರಣ್ಯದ ದೊಡ್ಡ ಭಾಗ ಸುಟ್ಟುಹೋಯಿತು. ಕರಾರಿನ ವ್ಯಾಜ್ಯ ಮೇಲಿನ ನ್ಯಾಯಾಲಯದಲ್ಲಿರುವಾಗಲೇ ಕರಾರಿನ ವಸ್ತುವೇ ಬೂದಿಯಾಗುತ್ತಿತ್ತು.

2022ರ ಏಪ್ರಿಲ್ 27ರಂದು ರಾಜ್ಯದ ಮೇಲ್ಮನವಿ ನ್ಯಾಯಾಲಯವು ಜ್ಯೂರಿಯ ತೀರ್ಪನ್ನು ತಳ್ಳಿಹಾಕಿತು. ಅದರ ತರ್ಕವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು: ಶಾಸನಸಭೆಯು ಒಂದು ಕಾಯಿದೆ ಮಾಡಿದ ಮಾತ್ರಕ್ಕೆ ಅದು ಎಂದೆಂದಿಗೂ ಬದಲಾಗದ ಕರಾರಾಗುವುದಿಲ್ಲ, ಹಾಗೆ ಕಟ್ಟಿಹಾಕಿಕೊಳ್ಳುವ ಉದ್ದೇಶ ಸಂದೇಹಕ್ಕೆಡೆಯಿಲ್ಲದಂತೆ ವ್ಯಕ್ತವಾಗಿರಬೇಕು, 'ಅತ್ಯಧಿಕ ಶಾಶ್ವತ ಮೌಲ್ಯ' ಎಂಬ ಮಾತಿನಲ್ಲಿ ಗರಿಷ್ಠ ಆದಾಯದ ಅಂತಹ ನಿರ್ವಿವಾದ ವಾಗ್ದಾನವಿಲ್ಲ. ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಮರುಪರಿಶೀಲನೆಗೆ ಒಪ್ಪಲಿಲ್ಲ. ಕೌಂಟಿಗಳಿಗೆ ಒಂದು ಡಾಲರೂ ದಕ್ಕಲಿಲ್ಲ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಇಲ್ಲಿ ಅರಿಸ್ಟಾಟಲ್ ನೆನಪಾಗದಿರಲಾರನು. ಕಾನೂನು ಸಾಮಾನ್ಯ ಮಾತಿನಲ್ಲಿ ನುಡಿಯುತ್ತದೆ, ಬದುಕು ವಿಶೇಷ ಸಂದರ್ಭಗಳನ್ನು ತಂದೊಡ್ಡುತ್ತದೆ. ಅಂತಹ ಕಡೆ ಶಾಸನಕಾರನೇ ಎದುರಿಗಿದ್ದಿದ್ದರೆ ಏನು ಹೇಳುತ್ತಿದ್ದನೋ ಅದರಂತೆ ಕೊರತೆಯನ್ನು ತುಂಬಬೇಕೆಂಬುದು ನೀತಿಶಾಸ್ತ್ರದ ಐದನೆಯ ಅಧ್ಯಾಯದಲ್ಲಿ ಅವನು ಹೇಳುವ ಮಾತಿನ ಸಾರ. ಆದರೆ 1941ರ ಶಾಸನಕಾರನನ್ನು ಎಬ್ಬಿಸಿ ಕೇಳಿದರೆ ಏನು ಹೇಳಿಯಾನು? ಅವನ ಕಣ್ಣ ಮುಂದೆ ಇದ್ದದ್ದು ಕರಿಬೊಡ್ಡೆಗಳ ಗುಡ್ಡ. ಅವನಿಗೆ 'ಶಾಶ್ವತ' ಎಂದರೆ, ಕಡಿದು ಓಡಿಹೋದ ಹಿಂದಿನ ಮಾಲೀಕರಂತೆ ಮಾಡಬಾರದೆಂಬುದಷ್ಟೇ ಆಗಿದ್ದಿರಬಹುದು. ಸಾಲ್ಮನ್ ಮೀನಿನ ಚಿಂತೆ ಅವನಿಗಿರಲಿಲ್ಲ. ಅಂದು ಸಾಲ್ಮನ್ ಮೀನಿಗೂ ಆ ಚಿಂತೆ ಇಷ್ಟಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಕಾನೂನಿನ ದೃಷ್ಟಿಯಿಂದ ಸರಿಯಾದುದು. ಯಾವ ತಲೆಮಾರಿಗೂ ಮುಂದಿನ ಎಲ್ಲ ತಲೆಮಾರುಗಳ ಕೈಕಟ್ಟುವ ಅಧಿಕಾರ ಇರಬಾರದು. ಆದರೂ ಒಂದು ಕಸಿವಿಸಿ ಉಳಿಯುತ್ತದೆ. ಪತ್ರಕ್ಕೆ ಸಹಿ ಹಾಕಿದ ಕೌಂಟಿಗಳು ನೆಲವನ್ನು ಕೊಟ್ಟದ್ದು ನಂಬಿಕೆಯ ಮೇಲೆ. ಆ ನಂಬಿಕೆ ಕರಾರಲ್ಲವೆಂದು ಎಂಬತ್ತು ವರ್ಷಗಳ ಅನಂತರ ತಿಳಿದುಬಂತು. ಆ ನೆಲ ಮಾತ್ರ ಹಿಂದಿರುಗಲಿಲ್ಲ.

ಕೊಟ್ಟವರು ಯಾರೆಂಬ ಪ್ರಶ್ನೆಯನ್ನು ಇನ್ನೂ ಹಿಂದಕ್ಕೆ ಒಯ್ಯಬಹುದು. ಕೌಂಟಿಗೆ ಈ ನೆಲ ಬಂದದ್ದು ಓಡಿಹೋದ ಮಾಲೀಕರಿಂದ, ಮಾಲೀಕರಿಗೆ ಬಂದದ್ದು ಸರಕಾರದಿಂದ, ಸರಕಾರಕ್ಕೆ? 1851ರಲ್ಲಿ ಟಿಲ್ಲಮೂಕ್, ಕ್ಲಾಟ್ಸಪ್ ಮೊದಲಾದ ಮೂಲನಿವಾಸಿ ಜನಾಂಗಗಳೊಡನೆ ಅಧಿಕಾರಿಗಳು ಒಪ್ಪಂದಗಳನ್ನು ಮಾಡಿಕೊಂಡರು. ವಾಷಿಂಗ್ಟನ್ನಿನ ಸೆನೆಟ್ ಅವುಗಳಿಗೆ ಅಂಗೀಕಾರವನ್ನೇ ನೀಡಲಿಲ್ಲ. ನೆಲ ಮಾತ್ರ ಕೈಬದಲಾಯಿತು. ಮುರಿದ ಕರಾರಿನ ಬಗ್ಗೆ ಆಲ್ಬನಿಯಲ್ಲಿ ತಿಂಗಳುಗಟ್ಟಲೆ ವಾದ ನಡೆದಾಗ ಈ ಹಳೆಯ ಕರಾರು ಯಾರ ವಾದಪತ್ರದ ತಿರುಳೂ ಆಗಿರಲಿಲ್ಲ.

ರಾಜ್ಯ ಅರಣ್ಯದ ಕಥೆಗೆ ಸಮಾನಾಂತರವಾಗಿ, ಅದಕ್ಕಿಂತ ಬಹಳ ದೊಡ್ಡದಾದ ಇನ್ನೊಂದು ಕಥೆ ಕೇಂದ್ರ ಸರಕಾರದ ಕಾಡುಗಳದ್ದು. 1866ರಲ್ಲಿ ಅಮೆರಿಕದ ಸಂಸತ್ತು ಓರೆಗಾನ್ ಮತ್ತು ಕ್ಯಾಲಿಫೋರ್ನಿಯಾಗಳನ್ನು ಜೋಡಿಸುವ ರೈಲುಮಾರ್ಗಕ್ಕೆ ನೆಲದ ಕೊಡುಗೆ ಕೊಟ್ಟಿತು. ಹಳಿಯ ಎರಡೂ ಬದಿಗೆ ಒಂದು ಚದರ ಮೈಲಿ ಬಿಟ್ಟು ಒಂದು ಚದರ ಮೈಲಿ, ಚದುರಂಗದ ಹಾಸಿನಂತೆ. ಅದನ್ನು ನಿಜವಾದ ಒಕ್ಕಲುಗಳಿಗೆ ಮಾತ್ರ, ಒಬ್ಬರಿಗೆ 160 ಎಕರೆ ಮೀರದಂತೆ, ಎಕರೆಗೆ ಎರಡೂವರೆ ಡಾಲರಿಗೆ ಮಾರತಕ್ಕದ್ದೆಂಬ ಷರತ್ತೂ ಬಂತು. ಬೆಲೆಬಾಳುವ ಮರವಿದ್ದ ನೆಲ. ಷರತ್ತಿಗೆ ಯಾರು ಕಿವಿಗೊಟ್ಟಾರು? ದೊಡ್ಡ ದೊಡ್ಡ ತುಂಡುಗಳು ಮರದ ವ್ಯಾಪಾರಿಗಳ ಪಾಲಾದವು. ಆ ಕಾಲದ ಭೂಮಿ ಹಗರಣಗಳಲ್ಲಿ ಓರೆಗಾನಿನ ಸೆನೆಟರ್ ಜಾನ್ ಮಿಚೆಲ್ 1905ರಲ್ಲಿ ಅಪರಾಧಿಯೆಂದು ತೀರ್ಮಾನವಾಯಿತು. 1915ರಲ್ಲಿ ಸರ್ವೋಚ್ಚ ನ್ಯಾಯಾಲಯ ರೈಲ್ವೆಯ ನಡೆಯನ್ನು ಖಂಡಿಸಿತು. 1916ರಲ್ಲಿ ಸಂಸತ್ತು ಮಾರದೆ ಉಳಿದಿದ್ದ 28 ಲಕ್ಷ ಎಕರೆಗಳಷ್ಟು ನೆಲವನ್ನು ಹಿಂದಕ್ಕೆ ಪಡೆಯಿತು. ರೈಲ್ವೆಯಿಂದ ತೆರಿಗೆ ಪಡೆಯುತ್ತಿದ್ದ ಕೌಂಟಿಗಳು ರಾತ್ರಿ ಬೆಳಗಾಗುವುದರೊಳಗೆ ಆ ಆದಾಯವನ್ನು ಕಳೆದುಕೊಂಡವು. ಅದನ್ನು ತುಂಬಿಕೊಡಲು 1937ರಲ್ಲಿ ಬಂದ ಕಾಯಿದೆಯು, ಈ ಕಾಡುಗಳನ್ನು ನಿರಂತರ ಇಳುವರಿಯ ತತ್ತ್ವದ ಮೇಲೆ ನಡೆಸಿ ಆದಾಯದ ಪಾಲನ್ನು ಪಶ್ಚಿಮ ಓರೆಗಾನಿನ 18 ಕೌಂಟಿಗಳಿಗೆ ಕೊಡಬೇಕೆಂದಿತು. ರಾಷ್ಟ್ರೀಯ ಅರಣ್ಯಗಳ ಆದಾಯದಿಂದ ರಸ್ತೆ ಮತ್ತು ಶಾಲೆಗಳಿಗೆ ಕಾಲುಭಾಗ ಕೊಡುವ 1908ರ ಕಾನೂನು ಬೇರೆ ಇತ್ತು. ಮಹಾಯುದ್ಧದ ಅನಂತರ ಮನೆ ಕಟ್ಟುವ ಭರಾಟೆಯಲ್ಲಿ ಹಣ ಹೊಳೆಯಾಗಿ ಹರಿಯಿತು. ಕೆಲವು ಕೌಂಟಿಗಳು ಆಸ್ತಿ ತೆರಿಗೆಯನ್ನು ಹೆಸರಿಗಷ್ಟೇ ಉಳಿಸಿಕೊಂಡವು.

1990ರ ಜೂನ್ ತಿಂಗಳಲ್ಲಿ ಹಳೆಯ ಕಾಡುಗಳಲ್ಲಿ ವಾಸಿಸುವ, ಮೈಮೇಲೆ ಬಿಳಿಚುಕ್ಕೆಗಳುಳ್ಳ ಒಂದು ಜಾತಿಯ ಗೂಬೆಯನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಮರುವರ್ಷ ನ್ಯಾಯಾಧೀಶ ವಿಲಿಯಂ ಡ್ವಾಯರ್ ಅವರು ರಾಷ್ಟ್ರೀಯ ಅರಣ್ಯಗಳ ಮರ ಮಾರಾಟಕ್ಕೆ ತಡೆಯಾಜ್ಞೆ ಕೊಟ್ಟರು. 1993ರ ಏಪ್ರಿಲಿನಲ್ಲಿ ಅಧ್ಯಕ್ಷ ಕ್ಲಿಂಟನ್ ಪೋರ್ಟ್‌ಲ್ಯಾಂಡಿಗೆ ಬಂದು ಎರಡೂ ಕಡೆಯವರ ಅಹವಾಲು ಕೇಳಿದರು. 1994ರ ವಾಯವ್ಯ ಅರಣ್ಯ ಯೋಜನೆಯು ಮೂರು ರಾಜ್ಯಗಳ 2.4 ಕೋಟಿ ಎಕರೆ ಕೇಂದ್ರೀಯ ನೆಲಕ್ಕೆ ಹೊಸ ಕಟ್ಟುಪಾಡು ವಿಧಿಸಿತು. ಆ ಕಾಡುಗಳಲ್ಲಿ ಮರ ಕಡಿಯುವುದು ಹಿಂದಿನ ಪ್ರಮಾಣದ ಐದನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಮಿಲ್ಲುಗಳು ಮುಚ್ಚಿದವು. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ನಮ್ಮಲ್ಲಿ ಗೂಬೆ ಕೂರಿಸುವುದು ಎನ್ನುತ್ತಾರೆ. ಅಲ್ಲಿಯ ಜನ ಗೂಬೆಯ ಮೇಲೆಯೇ ಗೂಬೆ ಕೂರಿಸಿದರು. ಯಂತ್ರಗಳು ಆಳುಗಳ ಸ್ಥಾನವನ್ನು ಆಕ್ರಮಿಸಿದ್ದು, ದಿಮ್ಮಿಗಳು ಕೊಯ್ಯದೆಯೇ ಹಡಗೇರಿ ವಿದೇಶಕ್ಕೆ ಹೋದದ್ದು, ಹಳೆಯ ಮರಗಳಲ್ಲಿ ಹೆಚ್ಚಿನವು ಆಗಲೇ ಉರುಳಿದ್ದು ಇವೆಲ್ಲ ಗೂಬೆಯ ಹೆಸರು ಪಟ್ಟಿಗೆ ಸೇರುವುದಕ್ಕೆ ಮುಂಚಿನ ಸಂಗತಿಗಳು. ಗೂಬೆಯಿಂದ ಏನೂ ಆಗಲಿಲ್ಲವೆನ್ನುವುದೂ ತಪ್ಪು. ಎಂದೋ ಬರಲಿದ್ದ ಕಷ್ಟ ಅದರ ಹೆಸರಿನಲ್ಲಿ ಒಮ್ಮೆಗೇ ಬಂತು.

2000ರಲ್ಲಿ ಸಂಸತ್ತು ಪರಿಹಾರದ ಕಾಯಿದೆಯೊಂದನ್ನು ಮಾಡಿತು. 1986ರಿಂದ 1999ರವರೆಗಿನ ಅವಧಿಯಲ್ಲಿ ಅತಿ ಹೆಚ್ಚು ಹಣ ಬಂದಿದ್ದ ಮೂರು ವರ್ಷಗಳ ಸರಾಸರಿಯನ್ನು ಲೆಕ್ಕ ಹಿಡಿದು, ಮರ ಕಡಿಯದಿದ್ದರೂ ಕೌಂಟಿಗಳಿಗೆ ಹಣ ಕೊಡುವ ಏರ್ಪಾಡು ಅದು. ತಾತ್ಕಾಲಿಕವೆಂದು ಬಂದ ಈ ಕಾಯಿದೆ ಹಲವು ಬಾರಿ ಅವಧಿ ಮೀರಿ ನಿಂತುಹೋಗಿದೆ, ಹಲವು ಬಾರಿ ಮರುಜೀವ ಪಡೆದಿದೆ. ಮುಂದಿನ ವರ್ಷ ಹಣ ಬರುವುದೇ ಇಲ್ಲವೇ ಎಂದು ತಿಳಿಯದೆ ಸೇತುವೆಯ ಗುತ್ತಿಗೆಗೆ ಸಹಿ ಹಾಕಬೇಕಾದ ಕಮಿಷನರನ ಪಾಡನ್ನು ವಾಚಕರೇ ಊಹಿಸಿಕೊಳ್ಳಲಿ.

ತೆರಿಗೆ ಏರಿಸಬಹುದಲ್ಲ ಎಂದು ಕೇಳಬಹುದು. ಇಲ್ಲಿ ವಿಧಿಯ ಇನ್ನೊಂದು ವಿನೋದವಿದೆ. 1990 ಮತ್ತು 1997ರ ಸಂವಿಧಾನ ತಿದ್ದುಪಡಿಗಳಿಂದ ಮತದಾರರು ಆಸ್ತಿ ತೆರಿಗೆಗೆ ಮಿತಿ ಹಾಕಿದರು. ಪ್ರತಿ ಕೌಂಟಿಯ ಕಾಯಂ ದರ ಅಂದಿದ್ದಲ್ಲಿಯೇ ಹೆಪ್ಪುಗಟ್ಟಿತು. ಮರದ ಹಣದ ಭರವಸೆಯಲ್ಲಿ ದರವನ್ನು ಕೆಳಗಿಟ್ಟಿದ್ದ ಕೌಂಟಿಗಳು ಅದೇ ಕೆಳದರಕ್ಕೆ ಶಾಶ್ವತವಾಗಿ ಸಿಕ್ಕಿಬಿದ್ದವು. ಜೋಸೆಫೀನ್ ಕೌಂಟಿಯ ಕಾಯಂ ದರ ಸಾವಿರ ಡಾಲರ್ ಮೌಲ್ಯಕ್ಕೆ ಸುಮಾರು 59 ಸೆಂಟ್, ರಾಜ್ಯದಲ್ಲಿಯೇ ಅತಿ ಕಡಿಮೆಯವುಗಳಲ್ಲಿ ಒಂದು. ಹೆಚ್ಚಿನ ಹಣ ಬೇಕಾದರೆ ಪ್ರತಿ ಬಾರಿಯೂ ವಿಶೇಷ ತೆರಿಗೆಗಾಗಿ ಜನರ ಮತ ಕೇಳಬೇಕು.

ಕೇಳಿದರು, ಜನ ಬೇಡವೆಂದರು. 2007ರ ಏಪ್ರಿಲಿನಲ್ಲಿ ಜಾಕ್ಸನ್ ಕೌಂಟಿ ತನ್ನ 15 ಗ್ರಂಥಾಲಯಗಳಿಗೂ ಬೀಗ ಹಾಕಿತು. ತಿಂಗಳುಗಳ ಬಳಿಕ ಖಾಸಗಿ ಗುತ್ತಿಗೆಗೆ ಕೊಟ್ಟು ಕಡಿಮೆ ವೇಳೆಗೆ ತೆರೆಯಿತು. ಅದೇ ವರ್ಷ ಜೋಸೆಫೀನ್ ಕೌಂಟಿಯಲ್ಲಿಯೂ ಗ್ರಂಥಾಲಯ ಮುಚ್ಚಿತು. ಅಲ್ಲಿ ಊರವರೇ ಸೇವಾಸಂಸ್ಥೆ ಕಟ್ಟಿಕೊಂಡು ಸ್ವಯಂಸೇವಕರ ಬಲದಿಂದ ಅದನ್ನು ಮತ್ತೆ ನಡೆಸಿದರು. ಡಗ್ಲಸ್ ಕೌಂಟಿಯ ಸರದಿ 2017ರಲ್ಲಿ ಬಂತು.

ಪುಸ್ತಕವಿಲ್ಲದೆ ಬದುಕಬಹುದೆನ್ನುವವರಿದ್ದಾರೆ. ಪೊಲೀಸರಿಲ್ಲದೆ? 2012ರ ಮೇ ತಿಂಗಳಲ್ಲಿ ಜೋಸೆಫೀನ್ ಕೌಂಟಿಯ ಮತದಾರರು ವಿಶೇಷ ತೆರಿಗೆಯನ್ನು ತಿರಸ್ಕರಿಸಿದಾಗ ಷೆರಿಫ್ ಕಚೇರಿಯ ಬಹುಪಾಲು ಸಿಬ್ಬಂದಿ ಮನೆಗೆ ಹೋದರು. ಸೆರೆಮನೆಯಿಂದ ಕೈದಿಗಳನ್ನು ಬಿಡಲಾಯಿತು. ಹಿಂಸಾಚಾರದ ಭಯವಿರುವವರು ಪೊಲೀಸ್ ರಕ್ಷಣೆಯಿರುವ ಬೇರೆ ಊರಿಗೆ ಹೋಗುವುದನ್ನು ಯೋಚಿಸಬೇಕೆಂದು ಷೆರಿಫ್ ಕಚೇರಿಯೇ ಪ್ರಕಟಣೆ ಹೊರಡಿಸಿತು. ಆ ಆಗಸ್ಟಿನ ಒಂದು ವಾರಾಂತ್ಯದಲ್ಲಿ, ಹಿಂದೆ ತನ್ನನ್ನು ಹೊಡೆದಿದ್ದ ವ್ಯಕ್ತಿ ಬಾಗಿಲು ಒಡೆಯುತ್ತಿದ್ದಾನೆಂದು ಮಹಿಳೆಯೊಬ್ಬರು ತುರ್ತು ಸಂಖ್ಯೆಗೆ ಕರೆಮಾಡಿದರು. ಕಳುಹಿಸಲು ಯಾರೂ ಇಲ್ಲವೆಂಬ ಉತ್ತರ ಬಂತು. ಅವರು ದೂರವಾಣಿಯಲ್ಲಿ ಮಾತನಾಡುತ್ತಿದ್ದಂತೆಯೇ ಆತ ಒಳನುಗ್ಗಿ ಅವರ ಮೇಲೆ ಅತ್ಯಾಚಾರವೆಸಗಿದ. ಈ ಸುದ್ದಿ ದೇಶದ ಉದ್ದಗಲಕ್ಕೂ ಹರಡಿತು. ಅದಾದ ಮೇಲೂ ಆ ಕೌಂಟಿಯ ಜನ ವಿಶೇಷ ತೆರಿಗೆಯನ್ನು ಮತ್ತೆ ಮತ್ತೆ ತಿರಸ್ಕರಿಸಿದರು. ಅವರನ್ನು ನಿರ್ದಯಿಗಳೆಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ಅಲ್ಲಿ ಪಿಂಚಣಿಯಲ್ಲಿ ಬದುಕುವ ಮುದುಕರು ಬಹಳ. ಮಿಲ್ಲು ಮುಚ್ಚಿ ಕೆಲಸ ಕಳೆದುಕೊಂಡ ಮನೆಗಳು ಬಹಳ. 'ಕಾಡು ತುಂಬ ಹಣವಿರುವಾಗ ನಮ್ಮ ಗಂಟಿಗೇಕೆ ಕೈ ಹಾಕುತ್ತೀರಿ' ಎಂಬ ಹಳೆಯ ಅಭ್ಯಾಸದ ಸಿಟ್ಟೂ ಇತ್ತು. ಕೊನೆಗೆ 2017ರಲ್ಲಿ ಸೆರೆಮನೆಯ ತೆರಿಗೆಯನ್ನೂ ಪ್ರತ್ಯೇಕ ಗ್ರಂಥಾಲಯ ಸಂಸ್ಥೆಯನ್ನೂ ಅವರೇ ಮತ ಹಾಕಿ ಒಪ್ಪಿಕೊಂಡರು.

ಕೇಂದ್ರೀಯ ಕಾಡುಗಳ ವಿಷಯದಲ್ಲಿಯೂ ಕೌಂಟಿಗಳು ನ್ಯಾಯಾಲಯದ ಮೆಟ್ಟಿಲು ಹತ್ತದಿರಲಿಲ್ಲ. 2016ರ ನಿರ್ವಹಣಾ ಯೋಜನೆಯು ಆ ಕಾಡುಗಳ ದೊಡ್ಡ ಭಾಗವನ್ನು ಕಾಯ್ದಿರಿಸಿದಾಗ, 1937ರ ಕಾಯಿದೆಯ ಉಲ್ಲಂಘನೆಯಾಯಿತೆಂದು ಕೌಂಟಿಗಳ ಸಂಘವೂ ಮರದ ಉದ್ಯಮಿಗಳೂ ದಾವೆ ಹೂಡಿದರು. ಕೆಳ ನ್ಯಾಯಾಲಯದಲ್ಲಿ 2019ರಲ್ಲಿ ಗೆದ್ದರು. ಮೇಲ್ಮನವಿಯಲ್ಲಿ 2023ರಲ್ಲಿ ಸೋತರು. 2018ರ ಇನ್ನೊಂದು ಕಾಯಿದೆ ಮಾತ್ರ ಬೇರೆ ಬಗೆಯದು. ಅದರಿಂದ ಸುಮಾರು 32,000 ಎಕರೆ ಕೇಂದ್ರೀಯ ನೆಲ ಎರಡು ಮೂಲನಿವಾಸಿ ಸಮುದಾಯಗಳ ಹೆಸರಿಗೆ ಮರಳಿತು.

2024ರ ಮಾರ್ಚ್ ತಿಂಗಳಲ್ಲಿ ಎರಡು ನಿರ್ಣಯಗಳು ಒಂದರ ಹಿಂದೊಂದು ಬಂದವು. 7ರಂದು ರಾಜ್ಯದ ಅರಣ್ಯ ಮಂಡಳಿಯ ಏಳು ಸದಸ್ಯರು ಪಶ್ಚಿಮದ ಸುಮಾರು 6,40,000 ಎಕರೆ ರಾಜ್ಯ ಅರಣ್ಯಕ್ಕೆ ಜೀವಿನೆಲೆ ಸಂರಕ್ಷಣಾ ಯೋಜನೆಯನ್ನು ಮುಂದುವರಿಸುವ ಪ್ರಶ್ನೆಯನ್ನು ಮತಕ್ಕೆ ಹಾಕಿದರು. ಕೌಂಟಿಗಳ ಪ್ರತಿನಿಧಿಗಳು ಆದಾಯದ ಕುಸಿತವನ್ನು ಮುಂದಿಟ್ಟು ವಿರೋಧಿಸಿದ್ದರು. ಪರವಾಗಿ ನಾಲ್ಕು, ವಿರುದ್ಧವಾಗಿ ಮೂರು ಮತಗಳು ಬಿದ್ದವು. ಯೋಜನೆಯ ಅವಧಿ 70 ವರ್ಷ. 25ರಂದು ವಾಷಿಂಗ್ಟನ್ನಿನ ಸರ್ವೋಚ್ಚ ನ್ಯಾಯಾಲಯವು ಕೇಂದ್ರೀಯ ಕಾಡುಗಳ ಬಗೆಗಿನ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಓರೆಗಾನಿನ ಕೌಂಟಿಗಳಿಗೆ ಹಣಕಾಸಿನ ವರ್ಷ ಆರಂಭವಾಗುವುದು ಜುಲೈ 1ರಂದು. ಅಷ್ಟರೊಳಗೆ ಆಯವ್ಯಯ ಸಿದ್ಧಪಡಿಸಿ ಒಪ್ಪಿಗೆ ಪಡೆಯಲು ಕಮಿಷನರುಗಳಿಗೆ ಮೂರು ತಿಂಗಳಿಗಿಂತ ತುಸು ಹೆಚ್ಚು ಕಾಲಾವಕಾಶವಿತ್ತು.